ಮಂಚಕ್ಕೆ ಕಾರ್ಡಿದೆ, ಮಾತ್ರೆಗೆ?

ಡಾಕ್ಟರಮ್ಮನಿಗೆ ಪತ್ರ: ಓದುಗರ ಪ್ರಶ್ನೆ, ಸಿಂಧನೂರಿನ ಅರಿವಳಿಕೆ ತಜ್ಞೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೊಣಕಾಲು, ಥೈರಾಯ್ಡು ಕಡಿಮೆ. ಕಾರ್ಡು, ಪ್ಯಾಕೇಜು, ಪ್ರೀಮಿಯಂ ಜಾಸ್ತಿ. ಮೊಣಕಾಲಿನವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು. ಹೊಸದಾಗಿ ಓದುವವರಿಗೆ ಒಂದು ಮಾತು: ಜನ ನನ್ನನ್ನು ಕರೆಯುವುದು 'ಮತ್ತು ಕೊಡೋ ಡಾಕ್ಟ್ರು' ಅಂತ. ಮೊದಲು ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಆಮೇಲೆ ಸ್ವಂತ ಬೋರ್ಡು ಹಾಕದೆ ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪದ ನರ್ಸಿಂಗ್ ಹೋಂಗಳಿಗೆ ಫೋನು ಬಂದಾಗ ಹೋಗಿ, ಕೇಸಿಗೆ ಇಷ್ಟು ಅಂತ ತೆಗೆದುಕೊಂಡು ಬಂದವಳು. ಸರ್ಜನ್ ಮಾತಾಡುವುದು ರೋಗಿಯ ಹೊಟ್ಟೆಯ ಬಗ್ಗೆ, ಮಾಲೀಕ ಮಾತಾಡುವುದು ಬಿಲ್ಲಿನ ಬಗ್ಗೆ. ಅರಿವಳಿಕೆಯವಳು ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂತು ಎರಡನ್ನೂ ಕೇಳಿಸಿಕೊಳ್ಳುತ್ತಾಳೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಭಾವ ಪಟ್ಟಣದಲ್ಲಿ ನರ್ಸಿಂಗ್ ಹೋಂ ಇಟ್ಟಿದ್ದಾರೆ. 'ಸರ್ಕಾರ ಎಲ್ಲರಿಗೂ ವಿಮೆ ಕೊಟ್ಟುಬಿಟ್ಟರೆ ಡಾಕ್ಟರುಗಳು ಬಾಗಿಲು ಹಾಕ್ಕೊಂಡು ಹೋಗಬೇಕು' ಅಂತ ಹಬ್ಬದ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರೆ. ನಿಜವೇ?
– ಶಿಕ್ಷಕರು, ಸಿಂಧನೂರು ತಾಲ್ಲೂಕು

ಮೇಷ್ಟ್ರೇ, ನಿಮ್ಮ ಭಾವನ ಮಾತು ಹಳೆಯದು. 1948ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ವೈದ್ಯರ ಸಂಘ ಮತ ಕೇಳಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಡಾಕ್ಟರುಗಳು ಎಲ್ಲರಿಗೂ ಸರ್ಕಾರವೇ ಚಿಕಿತ್ಸೆ ಕೊಡಿಸುವ ರಾಷ್ಟ್ರೀಯ ಆರೋಗ್ಯ ಸೇವೆ ಬೇಡವೇ ಬೇಡ ಅಂದರು. ಅದೇ ವರ್ಷ ಜುಲೈ 5ಕ್ಕೆ ಸೇವೆ ಶುರುವಾಯಿತು, ಬಹುಪಾಲು ಮಂದಿ ಸೇರಿಕೊಂಡರು. ದೊಡ್ಡ ತಜ್ಞರಿಗೆ ಸಂಬಳದ ಜೊತೆಗೆ ಖಾಸಗಿ ಪ್ರಾಕ್ಟೀಸೂ ಇರಲಿ ಅಂತ ಮಂತ್ರಿ ಅನ್ಯೂರಿನ್ ಬೆವನ್ ಬಿಟ್ಟುಕೊಟ್ಟಿದ್ದರು. ಸಿಟ್ಟು ಇಳಿಸಲು ಅಷ್ಟು ಬೇಕಾಯಿತು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ ಇನ್ನೂ ಜೋರು. 1962ರ ಜುಲೈ 1ಕ್ಕೆ ಎಲ್ಲರಿಗೂ ವಿಮೆ ಜಾರಿಯಾಯಿತು, ಅವತ್ತೇ ಡಾಕ್ಟರುಗಳು ಮುಷ್ಕರ ಹೂಡಿದರು. 23 ದಿನ ನಡೆದು ರಾಜಿಯಾಯಿತು. ಆಮೇಲೆ ಅಲ್ಲಿನ ಡಾಕ್ಟರುಗಳ ಆದಾಯ ಇಳಿಯಲಿಲ್ಲ, ಏರಿತು. ಅದು ಗೋಧಿ ಬೆಳೆಯುವ ಸೀಮೆ. ಬೆಳೆ ಕೈಕೊಟ್ಟ ವರ್ಷ ರೈತನ ಬಿಲ್ಲು ಬಾಕಿ ಉಳಿಯುತ್ತಿತ್ತು. ಆ ಬಾಕಿಯನ್ನು ಈಗ ಸರ್ಕಾರ ಕಟ್ಟತೊಡಗಿತು.

ನಮ್ಮ ರಾಜ್ಯದಲ್ಲೂ 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳು ಓಪಿಡಿ, ಅಂದರೆ ಹೊರರೋಗಿ ವಿಭಾಗ ಮುಚ್ಚಿ ಬೆಳಗಾವಿಗೆ ಹೋಗಿ ಕೂತಿದ್ದು ನಿಮಗೆ ನೆನಪಿರಬಹುದು. ಎಲ್ಲ ರೋಗಿಗಳ ದರವನ್ನೂ ಸರ್ಕಾರ ನಿಗದಿ ಮಾಡುತ್ತದೆ ಅನ್ನುವುದು ಆಗಿನ ಸಿಟ್ಟು. ಕೊನೆಗೆ ಸರ್ಕಾರದ ಯೋಜನೆಯಲ್ಲಿ ಬರುವ ರೋಗಿಗಳಿಗೆ ಮಾತ್ರ ಆ ದರ ಅಂತ ಕಾನೂನು ಮೆತ್ತಗಾಯಿತು.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಭಾವ ಸುಳ್ಳುಗಾರರಲ್ಲ. ಅವರ ಹೆದರಿಕೆ ಏನು ಅಂತ ಸಿಂಧನೂರಿನ ರೈತನಿಗೆ ಬೇಗ ತಿಳಿಯುತ್ತದೆ. ಬೆಂಬಲ ಬೆಲೆಯ ಜೋಳ ಖರೀದಿ ಕೇಂದ್ರವನ್ನು ನೋಡಿ. ಕೊಳ್ಳುವವನು ಒಬ್ಬನೇ, ರೇಟು ಅವನದೇ. ನಿಮ್ಮ ಖರ್ಚು ಎಷ್ಟಾಯಿತು ಅಂತ ಅವನು ಕೇಳುವುದಿಲ್ಲ. ಕಾಳು ಚೆನ್ನಾಗಿಲ್ಲ ಅಂತ ಒಂದಿಷ್ಟು ವಾಪಸು ಕಳಿಸುತ್ತಾನೆ, ರೊಕ್ಕ ಖಾತೆಗೆ ಬರುವುದು ತಡ. ಹತ್ತಿಪ್ಪತ್ತು ಎಕರೆಯವನು ಕಾಯುತ್ತಾನೆ, ಎರಡೆಕರೆಯವನಿಗೆ ಗೊಬ್ಬರದಂಗಡಿಯ ಬಾಕಿ ಇರುತ್ತದೆ, ಅವನು ಕಡಿಮೆಗೇ ಅಡತಿಗೆ ಹಾಕಿ ಹೋಗುತ್ತಾನೆ. ಆಸ್ಪತ್ರೆಯ ಪ್ಯಾಕೇಜೂ ಹೀಗೇ. ಮಂಚ, ಊಟ, ಔಷಧ, ಸರ್ಜನ್, ನಾನು, ಎಲ್ಲ ಸೇರಿ ಒಂದು ಆಪರೇಷನ್ನಿಗೆ ಇಷ್ಟು ಅಂತ ಒಂದೇ ಗಂಟು. ದಾಖಲೆ ಸರಿಯಿಲ್ಲ ಅಂದರೆ ಕ್ಲೇಮು, ಅಂದರೆ ರೊಕ್ಕ ಕೇಳಿ ಕಳಿಸಿದ ಅರ್ಜಿ, ವಾಪಸು. 2018ರಲ್ಲಿ ಸರ್ಕಾರದ ಐದು ಲಕ್ಷದ ಆಸ್ಪತ್ರೆ ವಿಮೆ ಆಯುಷ್ಮಾನ್ ಭಾರತ ಶುರುವಾದಾಗ ಈ ದರಕ್ಕೆ ಕೈಯಿಂದ ಹಾಕಬೇಕಾಗುತ್ತದೆ ಅಂತ ಭಾರತೀಯ ವೈದ್ಯಕೀಯ ಸಂಘವೇ ಗಲಾಟೆ ಮಾಡಿತ್ತು.

ದೊಡ್ಡ ಊರಿನ ಇನ್ನೂರು ಮಂಚದ ಆಸ್ಪತ್ರೆ ತಡವನ್ನು ತಡೆದುಕೊಳ್ಳುತ್ತದೆ. ಕ್ಲೇಮು ಬರೆಯಲಿಕ್ಕೇ ಅಲ್ಲಿ ನಾಲ್ಕು ಹುಡುಗರಿರುತ್ತಾರೆ. ಇಪ್ಪತ್ತು ಮಂಚದವರು ತಿಂಗಳ ಮೊದಲ ವಾರಕ್ಕೆ ನರ್ಸುಗಳ ಸಂಬಳ, ಆಕ್ಸಿಜನ್ ಸಿಲಿಂಡರಿನ ಬಿಲ್ಲು ಕೊಡಲೇಬೇಕು. ಇಂಥ ಕಡೆ ಮೊದಲು ತಡವಾಗುವುದು ಯಾರ ರೊಕ್ಕ ಹೇಳಿ? ನನ್ನದು. 'ಮೇಡಂ, ಕ್ಲೇಮು ಬಂದಕೂಡ್ಲೆ ಕಳಸ್ತೀನ್ರಿ' ಅನ್ನುವ ಮಾತನ್ನು ನಾನು ಎಷ್ಟು ಓಟಿಗಳ, ಅಂದರೆ ಆಪರೇಷನ್ ಥಿಯೇಟರುಗಳ ಬಾಗಿಲಲ್ಲಿ ಕೇಳಿದ್ದೇನೋ. ಕೊಡದೆ ಇದ್ದವರು ಕಡಿಮೆ, ತಡ ಮಾಡಿದವರೇ ಹೆಚ್ಚು. ಅದರಲ್ಲಿ ಒಬ್ಬರು, ಊರು ಹೇಳುವುದಿಲ್ಲ, ನನ್ನ ಬಾಕಿಗೆ ಬದಲಾಗಿ ಸೋನಾ ಮಸೂರಿ ಅಕ್ಕಿಯ ಎರಡು ಚೀಲ ಮನೆಗೆ ಕಳಿಸಿದ್ದರು. ಅಕ್ಕಿ ಚೆನ್ನಾಗಿತ್ತು.

ಹಾಗಾಗಿ ವಿಮೆ ಬಂದರೆ ಡಾಕ್ಟರಿಕೆಯೇ ಮುಳುಗುತ್ತದೆ ಅನ್ನುವುದು ಸುಳ್ಳು, ಆದರೆ ಡಾಕ್ಟರುಗಳಲ್ಲೇ ರೊಕ್ಕ ಅತ್ತಿತ್ತ ಆಗುತ್ತದೆ. ಮಂಚ ಹೆಚ್ಚಿರುವವನಿಗೆ, ಕತ್ತರಿ ಹಿಡಿಯುವವನಿಗೆ, ಕಾಗದ ಸರಿಯಾಗಿ ಇಡುವವನಿಗೆ ಹೆಚ್ಚು ಬರುತ್ತದೆ. ಸ್ಟೆತಾಸ್ಕೋಪ್ ಇಟ್ಟು, ಮಾತಾಡಿಸಿ, ಚೀಟಿ ಬರೆದು ಕಳಿಸುವವನಿಗೆ ಅಡ್ಮಿಟ್ ಆದರೆ ಮಾತ್ರ ರೊಕ್ಕ ಕೊಡುವ ಈ ವಿಮೆಯಿಂದ ಬಿಡಿಗಾಸೂ ಇಲ್ಲ. ನಿಮ್ಮ ಭಾವ ಯಾವ ಸಾಲಿನವರು ಅಂತ ಮುಂದಿನ ಹಬ್ಬಕ್ಕೆ ಕೇಳಿ.

ಇನ್ನೊಂದು ಮಾತನ್ನು ನಿಮ್ಮ ಮಕ್ಕಳಿಗೆ ಪಾಠದ ನಡುವೆ ಹೇಳಬಹುದು. ಡಾಕ್ಟರಿಗೆ ರೊಕ್ಕ ಯಾವ ರೀತಿಯಲ್ಲಿ ಬರುತ್ತದೋ ಆ ರೀತಿಯಲ್ಲಿ ಅವನ ಕೈ ಓಡುತ್ತದೆ. ಮಾಡಿದ ಪ್ರತಿ ಕೆಲಸಕ್ಕೂ ಬಿಲ್ಲು ಅಂದರೆ ಒಂದು ಸ್ಕ್ಯಾನ್ ಹೆಚ್ಚಾಗುತ್ತದೆ. ಒಂದು ರೋಗಕ್ಕೆ ಒಂದೇ ಗಂಟು ಅಂದರೆ ರೋಗಿಯನ್ನು ಎರಡು ದಿನ ಮೊದಲೇ ಮನೆಗೆ ಕಳಿಸುವ ಮನಸ್ಸಾಗುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇರುವ ತೊಡಕಿನ ಕೇಸನ್ನು 'ದೊಡ್ಡಾಸ್ಪತ್ರೆಗೆ ಹೋಗ್ರಿ' ಅಂತ ಸಾಗಿಸುವ ಮನಸ್ಸೂ ಆಗುತ್ತದೆ. ವರ್ಷಕ್ಕೆ ತಲೆಗೆ ಇಷ್ಟು ಅಂತ ಕೊಟ್ಟರೆ ರೋಗಿ ಬರದೇ ಇರುವುದೇ ಲಾಭ. ಡಾಕ್ಟರುಗಳೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವರೂ ಬಾಡಿಗೆ ಕಟ್ಟಬೇಕು.

ಪ್ರಶ್ನೆ: ನಮ್ಮ ಅತ್ತೆಗೆ ಸೊಂಟದ ಮೂಳೆ ಮುರಿದಿತ್ತು. ಬಿಪಿಎಲ್ ಕಾರ್ಡು ಇದ್ದರೂ ಖಾಸಗಿ ಆಸ್ಪತ್ರೆಯವರು 'ರಾಡು ಪ್ಯಾಕೇಜಿನಾಗ ಬರಂಗಿಲ್ಲ' ಅಂತ 18 ಸಾವಿರ ಮುಂಗಡ ಕಟ್ಟಿಸಿಕೊಂಡರು. ರಸೀದಿ ಕೇಳಿದರೆ ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರು. ಹೀಗೆ ತೆಗೆದುಕೊಳ್ಳಬಹುದೇ?
– ಗೃಹಿಣಿ, ಸಿರುಗುಪ್ಪ

ನಮ್ಮ ರಾಜ್ಯದ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಡಿ ದಾಖಲು ಮಾಡಿಕೊಂಡಿದ್ದರೆ ತೆಗೆದುಕೊಳ್ಳುವಂತಿಲ್ಲ, ತಂಗಿ. ಒಳಗೆ ಹಾಕುವ ರಾಡು, ಪ್ಲೇಟು ಎಲ್ಲವೂ ಬಿಪಿಎಲ್ ಕುಟುಂಬಕ್ಕೆ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಅಡ್ಮಿಟ್ ಆಗುವ ಮೂರು ದಿನ ಮೊದಲಿನ ಪರೀಕ್ಷೆಗಳೂ ಬಿಡುಗಡೆಯಾದ 15 ದಿನದ ಔಷಧವೂ ಅದರಲ್ಲೇ ಬರುತ್ತವೆ. ಆದರೆ ಮೊದಲು ಒಂದು ನೋಡಿಕೊಳ್ಳಿ: ನಮ್ಮ ರಾಜ್ಯದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಮಾತ್ರ ರೆಫರಲ್ ಚೀಟಿ ಹಿಡಿದು ಖಾಸಗಿ. ಜೀವಕ್ಕೆ ಅಪಾಯವಿರುವ ತುರ್ತು ಇದ್ದರೆ ಚೀಟಿ ಬೇಡ. ನೀವು ಚೀಟಿ ಇಲ್ಲದೆ ನೇರವಾಗಿ ಹೋಗಿದ್ದರೆ ಅವರು ನಿಮ್ಮನ್ನು ಯೋಜನೆಗೆ ಸೇರಿಸಿಯೇ ಇರಲಿಕ್ಕಿಲ್ಲ. ಆ ಬಿಳಿ ಹಾಳೆಯನ್ನು ಎಸೆಯಬೇಡಿ. ಡಿಸ್ಚಾರ್ಜ್ ಕಾಗದ, ಎಕ್ಸ್-ರೇ ಜೊತೆಗಿಟ್ಟುಕೊಂಡು ಸಹಾಯವಾಣಿ 14555ಕ್ಕೋ 104ಕ್ಕೋ ಫೋನು ಮಾಡಿ, ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಹತ್ತಿರ ದೂರು ಬರೆಸಿ. ರಸೀದಿ ಅಂದ ಕೂಡಲೇ ಮುಂಗಡ ಇಳಿಯುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನನಗೆ 31 ವರ್ಷ, ಎರಡು ಮಕ್ಕಳು, ಆಪರೇಷನ್ ಆಗಿದೆ. ಬಿಳಿ ಸೆರಗು ಹೋಗುತ್ತದೆ, ಸೊಂಟ ನೋವು. ಒಬ್ಬ ಡಾಕ್ಟರು ಗರ್ಭಚೀಲ ತೆಗೆಸಿಬಿಡು, ಮುಂದೆ ಕ್ಯಾನ್ಸರ್ ಆಗುತ್ತೆ, ಹೆಂಗೂ ವಿಮೆ ಐತಲ್ಲ, ನಿನ್ನ ಕೈಯಿಂದ ಏನೂ ಹೋಗಂಗಿಲ್ಲ ಅಂದರು. ಮನೆಯವರೂ ಹೂಂ ಅನ್ನುತ್ತಿದ್ದಾರೆ.
– ಹೆಸರು ಬೇಡ, ದೇವದುರ್ಗ

ತೆಗೆಸಬೇಡಿ. ಮೊದಲು ಇದನ್ನು ಓದಿ, ಆಮೇಲೆ ಮನೆಯವರಿಗೂ ಓದಿ ಹೇಳಿ.

ಬಿಳಿ ಸೆರಗಿಗೆ ಎಷ್ಟೋ ಸಲ ಕಾರಣ ಸೋಂಕು. ಡಾಕ್ಟರು ಹೇಳಿದ ಮಾತ್ರೆ ತೆಗೆದುಕೊಂಡರೆ ಬಹಳ ಸಲ ಹೋಗುತ್ತದೆ. ಕ್ಯಾನ್ಸರಿನ ಭಯವಿದ್ದರೆ ಗರ್ಭಕೊರಳಿನ ಪರೀಕ್ಷೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ, ಅಷ್ಟೇನೂ ನೋವಾಗುವುದಿಲ್ಲ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಹೋಗಿ ಹೆರಿಗೆ-ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ. ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತೊಂದಕ್ಕೇ ಮುಟ್ಟು ನಿಂತವರ ಹಾಗೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ನೀವು ನಾಟಿ ಹಚ್ಚಲು ಹೋಗುವವರೋ ಏನೋ ಗೊತ್ತಿಲ್ಲ. ಹೋಗುವವರಾದರೆ ಐವತ್ತಕ್ಕೆ ಬೆನ್ನು ಬಗ್ಗಿಸಲು ಆಗದೆ ಕೂಲಿಯೂ ಹೋಗುತ್ತದೆ.

ಇನ್ನು 'ಹೆಂಗೂ ವಿಮೆ ಐತಲ್ಲ' ಅನ್ನುವುದರ ಬಗ್ಗೆ. ರೋಗಿಯ ಜೇಬಿನಿಂದ ಹೋಗದಿದ್ದಾಗ ಡಾಕ್ಟರ ಕೈ ಹಗುರಾಗುತ್ತದೆ, ರೋಗಿಯೂ ಪ್ರಶ್ನೆ ಕೇಳುವುದಿಲ್ಲ. 2012ರಲ್ಲಿ ಛತ್ತೀಸ್‌ಗಢದಲ್ಲಿ ಬಡವರ ವಿಮಾ ಯೋಜನೆಯ ಹೆಸರಲ್ಲಿ ಹಳ್ಳಿ ಹೆಂಗಸರ ಗರ್ಭಚೀಲ ಸಾಲುಸಾಲಾಗಿ ತೆಗೆದದ್ದು ಹೊರಗೆ ಬಂತು, ಬಿಹಾರದಲ್ಲೂ ಅದೇ ಕಥೆ. ಸುಪ್ರೀಂ ಕೋರ್ಟು 2023ರಲ್ಲಿ ಇದರ ಮೇಲೆ ನಿಗಾ ಇಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು. ಬೆನ್ನಿಗೆ ಹಾಕುವ ಸ್ಪೈನಲ್ ಸೂಜಿ ಹಿಡಿದು ನಿಂತಾಗ ಟೇಬಲ್ಲಿನ ಮೇಲೆ ಇಪ್ಪತ್ತೆಂಟು, ಮೂವತ್ತರ ಹುಡುಗಿಯರು ಮಗ್ಗುಲಾಗಿ ಮಲಗಿರುವುದನ್ನು ನಾನೂ ಕಂಡವಳೇ. ಕೇಸ್ ಶೀಟಿನಲ್ಲಿ ಕಾರಣ ಸರಿಯಾಗಿ ಬರೆದಿಲ್ಲದಿದ್ದರೆ ನಾನು ಸೂಜಿ ಹಾಕುವುದಿಲ್ಲ ಅಂತ ಕೂತುಬಿಡುತ್ತಿದ್ದೆ. ಒಂದೆರಡು ನರ್ಸಿಂಗ್ ಹೋಂಗಳಿಂದ ಆಮೇಲೆ ಫೋನು ಬರುವುದು ನಿಂತಿತು. ನಿಲ್ಲಲಿ.

ಪ್ರಶ್ನೆ: ಅಕ್ಕಿ ಮಿಲ್ಲು ನಡೆಸುತ್ತೇನೆ. ನಾಲ್ಕು ಮಂದಿಯ ಕುಟುಂಬದ ಖಾಸಗಿ ವಿಮೆಗೆ ವರ್ಷಕ್ಕೆ 42 ಸಾವಿರ ಪ್ರೀಮಿಯಂ ಕಟ್ಟುತ್ತೇನೆ, ಪ್ರತಿ ವರ್ಷ ಏರುತ್ತಿದೆ. ಮೇಲೆ ತೆರಿಗೆಯೂ ನನ್ನದೇ. ಕಾರ್ಡಿನವರಿಗೆ ಐದು ಲಕ್ಷ ಪುಕ್ಕಟೆ. ಇದರಿಂದ ಸಮಾಜಕ್ಕೆ ಏನು ಬಂತು, ನನಗೇನು ಬಂತು?
– ಉದ್ಯಮಿ, ಗಂಗಾವತಿ

ಸಾಹುಕಾರರೇ, ಮೊದಲು ನಿಮ್ಮದು. ಎಪಿಎಲ್ ಕುಟುಂಬಕ್ಕೂ ನಮ್ಮ ರಾಜ್ಯದ ಯೋಜನೆಯಲ್ಲಿ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ನೀವು ಕಾರ್ಡೇ ಮಾಡಿಸಿಲ್ಲ ಅಂತ ನನ್ನ ಗುಮಾನಿ. ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಪ್ರೀಮಿಯಂ ಮೇಲೆ 25 ಸಾವಿರ, ಅಪ್ಪ ಅಮ್ಮ ಹಿರಿಯ ನಾಗರಿಕರಾಗಿದ್ದರೆ ಅವರ ಪ್ರೀಮಿಯಮ್ಮಿಗೆ ಮತ್ತೆ 50 ಸಾವಿರದವರೆಗೆ ಆದಾಯದಲ್ಲಿ ಕಳೆಯುತ್ತೀರಿ. ಸ್ವಂತಕ್ಕೆ ಕೊಂಡ ಪಾಲಿಸಿಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಇವೂ ಸರ್ಕಾರದ ಬೊಕ್ಕಸದಿಂದಲೇ ಬಿಟ್ಟ ದುಡ್ಡು. ಅದನ್ನು ಪುಕ್ಕಟೆ ಅಂತ ಯಾರೂ ಕರೆಯುವುದಿಲ್ಲ, ಅಷ್ಟೇ.

ಪ್ರೀಮಿಯಂ ಏರುವುದಕ್ಕೆ ಒಂದು ದೊಡ್ಡ ಕಾರಣ ನಮ್ಮ ನಿಮ್ಮಂಥವರೇ. ಇಪ್ಪತ್ತೈದರ ಗಟ್ಟಿಮುಟ್ಟು ಹುಡುಗ ವಿಮೆ ಕೊಳ್ಳುವುದಿಲ್ಲ. ಐವತ್ತಾಗಿ ಎದೆಯಲ್ಲಿ ಚುಳುಕ್ ಅಂದ ಮೇಲೆ ಏಜೆಂಟನಿಗೆ ಫೋನು ಮಾಡುತ್ತಾನೆ. ಕಾಯಿಲೆಯವರೇ ತುಂಬಿದ ಹುಂಡಿಗೆ ರೇಟು ಏರದೆ ಇನ್ನೇನು? ರೇಟು ಏರಿದಷ್ಟೂ ಆರೋಗ್ಯವಂತರು ಬಿಟ್ಟು ಹೋಗುತ್ತಾರೆ. ತೈವಾನ್ 1995ರಲ್ಲಿ ಬಡವ ಬಲ್ಲಿದ ಅನ್ನದೆ ಎಲ್ಲರನ್ನೂ ಒಂದೇ ಹುಂಡಿಗೆ ಕಡ್ಡಾಯವಾಗಿ ಸೇರಿಸಿದ್ದು ಇದಕ್ಕೇ.

ಇನ್ನು ಸಮಾಜಕ್ಕೆ ಬಂದದ್ದು. ಇದರ ಲೆಕ್ಕ ನಮ್ಮ ಸೀಮೆಯಲ್ಲೇ ಆಗಿದೆ, ಇಲ್ಲಿನವರಿಗೇ ಗೊತ್ತಿಲ್ಲ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು ಆಗಿನ ಗುಲ್ಬರ್ಗ ವಿಭಾಗಕ್ಕೆ, ಅಂದರೆ ಬೀದರಿನಿಂದ ಬಳ್ಳಾರಿವರೆಗೆ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ರೋಗಗಳಿಗೆ ಬಿಪಿಎಲ್ ಕುಟುಂಬಕ್ಕೆ ಒಂದೂವರೆ ಲಕ್ಷ, ಬೇಕಾದರೆ ಮೇಲೆ ಇನ್ನೂ 50 ಸಾವಿರ. ವಿಭಾಗದ ಗಡಿಯ ಆಚೆ ಹಳ್ಳಿಗಳಿಗೆ ಇನ್ನೂ ಬಂದಿರಲಿಲ್ಲ. ಸಂಶೋಧಕರು ಗಡಿಯ ಈಚೆ 272, ಆಚೆ 300 ಹಳ್ಳಿಗಳ ಮನೆಮನೆ ಸುತ್ತಿ, ಯೋಜನೆ ವ್ಯಾಪ್ತಿಯ ರೋಗಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವುಗಳನ್ನು ಲೆಕ್ಕ ಹಾಕಿದರು. ಆಚೆ ಶೇ 0.90, ಈಚೆ ಶೇ 0.32. ಅದೇ ಹಳ್ಳಿಗಳ ಎಪಿಎಲ್ ಮನೆಗಳಲ್ಲಿ ಈಚೆಗೂ ಆಚೆಗೂ ವ್ಯತ್ಯಾಸ ಇರಲಿಲ್ಲ. ಅಂದರೆ ಉಳಿಸಿದ್ದು ನೀರಲ್ಲ, ಗಾಳಿಯಲ್ಲ, ಯೋಜನೆ. ಬ್ರಿಟನ್ನಿನ ಬಿಎಂಜೆ ವೈದ್ಯಕೀಯ ಪತ್ರಿಕೆ 2014ರಲ್ಲಿ ಇದನ್ನು ಪ್ರಕಟಿಸಿತು. ಆಸ್ಪತ್ರೆ ಸಾಲಕ್ಕೆ ಹೊಲ ಒತ್ತೆ ಇಡುವುದು ತಪ್ಪಿದ ಮನೆಗಳ ಲೆಕ್ಕ ಬೇರೆ.

ನಿಮಗೆ ತೊಂದರೆ ಆಗುವುದು ಒಂದಿದೆ, ಮುಚ್ಚಿಡುವುದಿಲ್ಲ. ಎಲ್ಲರಿಗೂ ವಿಮೆ ಬಂದರೆ ನೀವು ಕಾಯಬೇಕಾಗುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1970ರಲ್ಲಿ ವಿಮೆ ಬಂದ ಮೇಲೆ ಮಾಂಟ್ರಿಯಲ್ ನಗರದಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯುವುದು 6 ದಿನದಿಂದ 11 ದಿನಕ್ಕೆ ಏರಿತು. ಒಟ್ಟು ಭೇಟಿಗಳು ಹೆಚ್ಚಾಗಲಿಲ್ಲ. ಉಳ್ಳವರ ಭೇಟಿ ಕಡಿಮೆಯಾಗಿ ಬಡವರದು ಹೆಚ್ಚಾಯಿತು. ಡಾಕ್ಟರ ಹೊತ್ತು ಹಂಚಿಹೋಯಿತು. ಇಲ್ಲಿಯವರೆಗೆ ಮೊದಲ ಕುರ್ಚಿ ನಮ್ಮದಾಗಿತ್ತು.

ಅಂದ ಹಾಗೆ, ಮಿಲ್ಲಿನಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ತಿಂಗಳಿಗೆ 21 ಸಾವಿರದವರೆಗಿನ ಸಂಬಳದವರಿಗೆ ಇಎಸ್‌ಐ, ಅಂದರೆ ನೌಕರರ ವಿಮೆ ಕಟ್ಟುತ್ತಿದ್ದೀರಾ? ನಿಮ್ಮ ಪಾಲು ಶೇ 3.25, ಅವರದು ಶೇ 0.75. ಅದರಲ್ಲಿ ಓಪಿಡಿಯ ಮಾತ್ರೆಯೂ ಸಿಗುತ್ತದೆ, ಕಾಯಿಲೆಯ ರಜೆಯ ದಿನಗಳಿಗೆ ಭತ್ಯೆಯೂ ಇದೆ.

ಪ್ರಶ್ನೆ: ಅಪ್ಪ ಹಮಾಲಿ ಮಾಡುತ್ತಿದ್ದರು, ಈಗ ಆಗುವುದಿಲ್ಲ. ಬಿಪಿ, ಶುಗರ್ ಎರಡೂ ಇದೆ. ತಿಂಗಳಿಗೆ ಮಾತ್ರೆಗೇ 1,800 ರೂಪಾಯಿ. ಐದು ಲಕ್ಷದ ಕಾರ್ಡು ತೋರಿಸಿದರೆ ಮೆಡಿಕಲ್ ಶಾಪಿನವರು ನಗುತ್ತಾರೆ. ಹಾಗಾದರೆ ಈ ಕಾರ್ಡು ಯಾತಕ್ಕೆ?
– ಬಟ್ಟೆ ಅಂಗಡಿಯ ನೌಕರ, ಕಾರಟಗಿ

ತಮ್ಮಾ, ಈ ತಿಂಗಳ ಪತ್ರಗಳಲ್ಲೆಲ್ಲ ನಿನ್ನದೇ ಸರಿಯಾದ ಪ್ರಶ್ನೆ. ನಿನ್ನ ಕಾರ್ಡು ಮಂಚ ಏರಿದರೆ ಮಾತ್ರ ಕೆಲಸ ಮಾಡುತ್ತದೆ. ನಡೆದುಕೊಂಡು ಬಂದು, ತೋರಿಸಿಕೊಂಡು, ನಡೆದುಕೊಂಡು ಹೋಗುವವನಿಗೆ ಅದರಲ್ಲಿ ಒಂದು ಕಾಲಂ ಕೂಡ ಇಲ್ಲ.

ಲೆಕ್ಕ ಹಾಕು. ತಿಂಗಳಿಗೆ 1,800 ಅಂದರೆ ವರ್ಷಕ್ಕೆ 21,600, ಹತ್ತು ವರ್ಷಕ್ಕೆ ಎರಡು ಲಕ್ಷದ ಮೇಲೆ. ದೊಡ್ಡ ಆಪರೇಷನ್ನು ಮನೆಯನ್ನು ಒಂದೇ ಏಟಿಗೆ ಕೆಡವುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ, ಶಾಸಕರೂ ಬಂದು ಮಾತಾಡಿಸುತ್ತಾರೆ. ಮಾತ್ರೆ ತಿಂಗಳು ತಿಂಗಳು ತಿನ್ನುತ್ತದೆ, ಯಾರಿಗೂ ಕಾಣುವುದಿಲ್ಲ. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನರ ಕೈಯಿಂದ ಹೋಗುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಅಂತ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇಳಿದದ್ದು ಒಳ್ಳೆಯದೇ. ಆದರೆ ಉಳಿದ ಆ ಮೂವತ್ತೊಂಬತ್ತರಲ್ಲಿ ದೊಡ್ಡ ಪಾಲು ಎಲ್ಲಿದೆ ಅಂತ ನೋಡಬೇಕಾದರೆ ಸಂಜೆ ಆರು ಗಂಟೆಗೆ ಕಾರಟಗಿಯ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ನಿಂತರೆ ಸಾಕು. 'ಹತ್ತು ದಿನದ್ದ ಕೊಡ್ರಿ, ಉಳಿದದ್ದು ಪಗಾರ ಆದಮ್ಯಾಗ' ಅನ್ನುವವರೇ ಎಲ್ಲರೂ.

ಆ ಹತ್ತು ದಿನದವರಿಗೆ ಮುಂದೆ ಏನಾಗುತ್ತದೆ ಅನ್ನುವುದು ಓಟಿಯಲ್ಲಿ ನನಗೆ ಸಿಗುತ್ತಿತ್ತು. ಮಾತ್ರೆ ಬಿಟ್ಟವರ ಶುಗರ್ ಏರಿ, ಕಾಲಿಗೆ ಗಾಯವಾಗಿ, ಕೊಳೆತು, ಕಾಲು ತೆಗೆಯಲು ಬರುತ್ತಾರೆ. ಅದಕ್ಕೆ ಕಾರ್ಡು ನಡೆಯುತ್ತದೆ. ಬಿಪಿ ಮಾತ್ರೆ ಬಿಟ್ಟು ಮೂತ್ರಪಿಂಡ ಹೋದರೆ ಡಯಾಲಿಸಿಸ್ಸಿಗೂ ನಡೆಯುತ್ತದೆ. ಮಾತ್ರೆಗೆ ಕೊಡದ ರೊಕ್ಕವನ್ನು ಕಾಲು ಕತ್ತರಿಸಲು ಹತ್ತು ಪಟ್ಟು ಮಾಡಿ ಕೊಡುವ ಈ ಲೆಕ್ಕವನ್ನು ಯಾವ ಅರ್ಥಶಾಸ್ತ್ರಜ್ಞ ಬರೆದನೋ ನನಗೆ ಇವತ್ತಿಗೂ ಹೊಳೆದಿಲ್ಲ. ಅರ್ಥಶಾಸ್ತ್ರಜ್ಞರು ಅಂದದ್ದು ಬೇರೆಯೇ. ಅಮೆರಿಕದಲ್ಲಿ ರ್‍ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ಸಾವಿರಾರು ಕುಟುಂಬಗಳನ್ನು ಗುಂಪು ಮಾಡಿ, ಕೆಲವರಿಗೆ ಪೂರ್ತಿ ಉಚಿತ, ಕೆಲವರಿಗೆ ಭಾಗಶಃ ಅಂತ ವಿಮೆ ಕೊಟ್ಟು ನೋಡಿತು. ಉಚಿತ ಸಿಕ್ಕವರು ಆಸ್ಪತ್ರೆಗೆ ಹೆಚ್ಚು ಹೋದರು, ಸರಾಸರಿ ಮನುಷ್ಯನ ಆರೋಗ್ಯ ಅದರಿಂದ ಅಷ್ಟೇನೂ ಬದಲಾಗಲಿಲ್ಲ. ಬದಲಾದದ್ದು ಬಿಪಿ ಇದ್ದ ಬಡವರದು. ಅವರ ಒತ್ತಡ ಇಳಿಯಿತು, ಸಾಯುವ ಅಪಾಯವೂ ಇಳಿಯಿತು. ಪುಕ್ಕಟೆ ಕೊಡುವುದಾದರೆ ಮೊದಲು ಯಾರಿಗೆ, ಯಾವುದಕ್ಕೆ ಕೊಡಬೇಕು ಅನ್ನುವುದು ಅಲ್ಲೇ ಇದೆ: ನಿಮ್ಮಪ್ಪನಂಥವರಿಗೆ, ಮಾತ್ರೆಗೆ.

ಥಾಯ್ಲೆಂಡ್ 2002ರಲ್ಲಿ ದೇಶವಿಡೀ ಈ ಕೆಲಸಕ್ಕೆ ಕೈಹಾಕಿತು. ಒಂದು ಸಲ ತೋರಿಸಲು ರೋಗಿ ಕೊಡಬೇಕಾದ್ದು 30 ಬಾತ್. ಓಪಿಡಿ, ಮಾತ್ರೆ, ಅಡ್ಮಿಷನ್ ಎಲ್ಲ ಸೇರಿ ಸರ್ಕಾರ ತಲೆಗೆ 1,202 ಬಾತ್ ಅಂತ ಎತ್ತಿಟ್ಟಿತು. ನಮ್ಮಲ್ಲೂ ವಿಮೆಯ ಜೊತೆ ತಲೆಗಿಷ್ಟು ಅಂತ ಓಪಿಡಿಗೆ ಕೊಟ್ಟರೆ ಊರಿನ ಸಣ್ಣ ಕ್ಲಿನಿಕ್ಕಿನ ಡಾಕ್ಟರೂ ಉಳಿಯುತ್ತಾರೆ, ನಿಮ್ಮಪ್ಪನ ಕಾಲೂ ಉಳಿಯುತ್ತದೆ. ಇದನ್ನು ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬರ ಸಭೆಯಲ್ಲಿ ಹೇಳಿದ್ದೆ. ನೋಟ್ ಮಾಡಿಕೊಂಡಿದ್ದೇವೆ ಮೇಡಂ ಅಂದರು.

ಸದ್ಯಕ್ಕೆ ಹೀಗೆ ಮಾಡು. ಗಂಗಾವತಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ-ಶುಗರ್‌ಗೆ ಬೇರೆ ಕೊಠಡಿ ಇರುತ್ತದೆ, ಎನ್‌ಸಿಡಿ ಕ್ಲಿನಿಕ್ ಅಂತ ಕೇಳು. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್‌ನಂಥ ಮಾತ್ರೆಗಳು ಅಲ್ಲಿ ಉಚಿತ. ಸ್ಟಾಕಿಲ್ಲ ಅಂದರೆ ಕಂಪನಿ ಹೆಸರಿನ ಬದಲು ಔಷಧದ ಹೆಸರನ್ನೇ ಬರೆಸಿಕೊಂಡು ಜನೌಷಧಿ ಅಂಗಡಿಗೆ ಹೋಗು. 1,800 ಎಷ್ಟಕ್ಕೆ ಇಳಿಯಿತು ಅಂತ ನನಗೆ ಬರಿ. ಚೀಟಿಯಲ್ಲಿ ಟಾನಿಕ್ಕು, ಗ್ಯಾಸಿನ ಮಾತ್ರೆ, ವಿಟಮಿನ್ ಇದ್ದರೆ ಇವು ಬೇಕೇ ಬೇಕಾ ಅಂತ ಡಾಕ್ಟರನ್ನು ಕೇಳು. ಬಿಪಿ-ಶುಗರಿನದನ್ನು ಮಾತ್ರ ಒಂದು ದಿನವೂ ಬಿಡಿಸಬೇಡ.

ಪ್ರಶ್ನೆ: ರಾಯಚೂರಿನಲ್ಲಿ ಎಂಬಿಬಿಎಸ್ ಮುಗಿಸುತ್ತಿದ್ದೇನೆ. ಊರು ಲಿಂಗಸುಗೂರು. ಅಪ್ಪ ಊರಲ್ಲೇ ಕ್ಲಿನಿಕ್ ಇಡು ಅನ್ನುತ್ತಾರೆ, ಸೀನಿಯರುಗಳು ಹೈದರಾಬಾದಿನ ಕಾರ್ಪೊರೇಟ್ ಆಸ್ಪತ್ರೆ ಸೇರು, ವಿಮೆ ಕಾಲದಲ್ಲಿ ಸಣ್ಣ ಕ್ಲಿನಿಕ್ಕಿಗೆ ಭವಿಷ್ಯ ಇಲ್ಲ ಅನ್ನುತ್ತಾರೆ.
– ವೈದ್ಯ ವಿದ್ಯಾರ್ಥಿ, ರಾಯಚೂರು

ನಿನ್ನ ಸೀನಿಯರುಗಳು ಹೇಳುವುದು ಇವತ್ತಿನ ಮಟ್ಟಿಗೆ ಸರಿ, ಮಗಾ. ವಿಮೆಯ ರೊಕ್ಕ ರೋಗಿ ಇರುವ ಊರಿಗೆ ಬರುವುದಿಲ್ಲ, ಮಂಚ ಇರುವ ಊರಿಗೆ ಹೋಗುತ್ತದೆ. 2010ರಲ್ಲಿ ಯೋಜನೆ ಮೊದಲು ಬಂದದ್ದು ನಮ್ಮ ಜಿಲ್ಲೆಗಳಿಗೆ. ಆದರೆ ಹೃದಯದ ಆಪರೇಷನ್ ಮಾಡುವ ಆಸ್ಪತ್ರೆಗಳು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ. ನಮ್ಮ ಜನ ರಾತ್ರಿ ಬಸ್ಸು ಹತ್ತಿದರು, ರೊಕ್ಕವೂ ಅವರ ಹಿಂದೆಯೇ ಹೋಯಿತು. ಜೀವ ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ಯಾಕೇಜಿನ ದುಡ್ಡಿನಿಂದ ಒಬ್ಬ ನರ್ಸಿಗೆ ಕೆಲಸ, ಒಬ್ಬ ಟೆಕ್ನೀಷಿಯನ್ನಿಗೆ ತರಬೇತಿ ಆದದ್ದು ಅಲ್ಲಿ, ರಾಯಚೂರಿನಲ್ಲಲ್ಲ. ಒಪೆಕ್ ಆಸ್ಪತ್ರೆ ಅಂತ ಜನ ಕರೆಯುವ ರಾಯಚೂರಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿಯಲ್ಲಿ ಮಂಚ ಇದ್ದರೂ ತಜ್ಞರು ಬಂದು ನೆಲೆ ನಿಲ್ಲುವುದು ಎಷ್ಟು ಕಷ್ಟ ಅಂತ ನಿನಗೇ ಗೊತ್ತು.

ಥಾಯ್ಲೆಂಡಿನಲ್ಲೂ ಹೀಗಾಯಿತು. ವಿಮೆ ಬಂದ ಹೊಸದರಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಜನ ಮುಗಿಬಿದ್ದರು, ಕೆಲಸ ಏರಿತು, ಸಂಬಳ ಅಲ್ಲೇ ಇತ್ತು, ಡಾಕ್ಟರುಗಳು ರಾಜೀನಾಮೆ ಕೊಟ್ಟು ಬ್ಯಾಂಕಾಕಿನ ಖಾಸಗಿ ಆಸ್ಪತ್ರೆಗಳಿಗೆ ನಡೆದರು. ಹಳ್ಳಿ ಭತ್ಯೆ ಏರಿಸಿದ ಮೇಲೆ ಒಂದಿಷ್ಟು ತಡೆ ಬಿತ್ತು.

ಬರೀ ಎಂಬಿಬಿಎಸ್ ಮೇಲೆ ಲಿಂಗಸುಗೂರಿನಲ್ಲಿ ಬೋರ್ಡು ಹಾಕಿದರೆ ನಿನ್ನ ಗಳಿಕೆ ನೂರು, ನೂರೈವತ್ತು ರೂಪಾಯಿ ಫೀಸಿನ ಮೇಲೆಯೇ, ವಿಮೆಯಿಂದ ಏನೂ ಬಾರದು. ನಾನು ಹೇಳುವುದು ಬೇರೆ: ಎರಡು ವರ್ಷ ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ ಇರು. ಈಗ ಅಲ್ಲಿ ಮಾಡಿದ ಕೇಸಿಗೂ ಯೋಜನೆ ನಡೆಸುವ ಸರ್ಕಾರದ ಟ್ರಸ್ಟಿನಿಂದ ಪ್ಯಾಕೇಜಿನ ರೊಕ್ಕ ಬರುತ್ತದೆ, ಸಿಬ್ಬಂದಿಗೂ ಅದರಲ್ಲಿ ಪ್ರೋತ್ಸಾಹಧನ ಇದೆ. ಕ್ಲೇಮು ಬರೆಯುವುದನ್ನು ಅಲ್ಲಿ ಕಲಿ, ಕಾಲೇಜಿನಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ. ಆಮೇಲೆ ಪಿಜಿ ಮಾಡು. ಅರಿವಳಿಕೆ ತೆಗೆದುಕೊಂಡರೆ ನನಗೆ ಸಂತೋಷ. ಮಾನ್ವಿ, ದೇವದುರ್ಗದ ಕಡೆ ರಾತ್ರಿ ಎರಡು ಗಂಟೆಯ ಸಿಸೇರಿಯನ್ನಿಗೆ ಮತ್ತು ಕೊಡುವವರು ಇವತ್ತಿಗೂ ಸುಲಭಕ್ಕೆ ಸಿಗುವುದಿಲ್ಲ. ರೊಕ್ಕ ತಡವಾಗಿ ಬರುತ್ತದೆ, ಅದನ್ನು ಮೇಲೆ ಮೇಷ್ಟ್ರಿಗೆ ಹೇಳಿದ್ದೇನೆ, ಓದಿಕೋ.

ಪ್ರಶ್ನೆ: ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗುಳೆ ಹೋಗುತ್ತೇವೆ, ಕಟ್ಟಡದ ಕೆಲಸ. ಅಲ್ಲಿ ಏನಾದರೂ ಆದರೆ ನಮ್ಮ ಕಾರ್ಡು ನಡೆಯುತ್ತದಾ?
– ಕೂಲಿ ಕಾರ್ಮಿಕ, ಮಸ್ಕಿ

ನಡೆಯುತ್ತದೆ. ರೇಷನ್ ಕಾರ್ಡು, ಆಧಾರ್ ಎರಡರ ಜೆರಾಕ್ಸನ್ನು ಹೊರಡುವಾಗಲೇ ಚೀಲದಲ್ಲಿ ಹಾಕಿಕೊಳ್ಳಿ, ಮನೆಯ ಟ್ರಂಕಿನಲ್ಲಿ ಬಿಟ್ಟು ಹೋಗಬೇಡಿ. ಮೇಲಿನಿಂದ ಬಿದ್ದು ಪೆಟ್ಟಾದಂಥ ತುರ್ತಿನಲ್ಲಿ ಯೋಜನೆಗೆ ಸೇರಿದ ಯಾವ ಆಸ್ಪತ್ರೆಗಾದರೂ ನೇರವಾಗಿ ಹೋಗಬಹುದು; ಸೇರಿದೆಯೋ ಇಲ್ಲವೋ ಅಂತ 14555ಕ್ಕೆ ಕೇಳಿ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿದ್ದರೆ ಅದರ ಕಾರ್ಡೂ ಜೊತೆಗಿರಲಿ. ಮಕ್ಕಳಿಗೆ ಹಾಕಿಸುತ್ತಿರುವ ಲಸಿಕೆಯ ತಾಯಿ ಕಾರ್ಡನ್ನು ಮರೆಯಬೇಡಿ, ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಅದೇ ತೋರಿಸಿ ಮುಂದಿನ ಸೂಜಿ ಹಾಕಿಸಬಹುದು.